ದೊಡ್ಡ ಟೈರ್ ಹಾಕಿಸುವ ಮುನ್ನ ಗಿಯರ್ ಲೆಕ್ಕ ನೋಡಿ

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಬಳಗದಲ್ಲಿ ಹೊಸ ಕಾರು ಕೊಂಡ ಹಲವರು ಕಂಪನಿ ಕೊಟ್ಟ ಚಕ್ರ ತೆಗೆಸಿ ದೊಡ್ಡ ಅಲಾಯ್ ಹಾಕಿಸುತ್ತಿದ್ದಾರೆ. ಅಂದಕ್ಕಾಗಿ ಹಾಕಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಟೈರಿನ ಹೊರವ್ಯಾಸ ಬದಲಾದರೆ ಕಾರಿನ ಗಿಯರ್ ಅನುಪಾತವನ್ನೇ (ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ) ಬದಲಿಸಿದಂತೆ ಎಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇದೇ ಕಾರುಗಳು ಹಬ್ಬಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಖಂಬಾಟ್ಕಿ ಘಾಟ್ ಹತ್ತಿ ಬೆಳಗಾವಿ, ಹುಬ್ಬಳ್ಳಿಗೆ ಹೋಗುತ್ತವೆಯಾದ್ದರಿಂದ ಈ ಮಾತನ್ನು ಬಿಡಿಸಿ ಹೇಳಬೇಕೆನಿಸಿತು.

ಟೈರಿನ ಪಕ್ಕದಲ್ಲಿ 185/65 ಆರ್15 ಎಂದು ಬರೆದಿದ್ದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 65, ಅಂದರೆ 120 ಮಿ.ಮೀ., ಒಳಗಿನ ರಿಮ್ 15 ಇಂಚು. ಎಲ್ಲ ಸೇರಿ ಹೊರವ್ಯಾಸ ಸುಮಾರು 621 ಮಿ.ಮೀ. ಆಗುತ್ತದೆ. ಇದರ ಜಾಗಕ್ಕೆ 205/60 ಆರ್16 ಹಾಕಿದರೆ ವ್ಯಾಸ 652 ಮಿ.ಮೀ.ಗೆ ಏರುತ್ತದೆ. ನಂಬಿಕೆ ಬಾರದಿದ್ದರೆ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಕಾರನ್ನು ಒಂದು ಸುತ್ತು ಮುಂದಕ್ಕೆ ತಳ್ಳಿ ಅಳೆದು ನೋಡಿ: ದೊಡ್ಡ ಟೈರು ಸುತ್ತಿಗೆ ಸುಮಾರು 10 ಸೆಂ.ಮೀ. ಹೆಚ್ಚು ಸಾಗಿರುತ್ತದೆ.

ವ್ಯತ್ಯಾಸ ಶೇ 5 ಮಾತ್ರ ಎನ್ನಬಹುದು. ಆದರೆ ಅದು ಒಂದನೆಯ ಗಿಯರಿನಿಂದ ರಿವರ್ಸ್‌ವರೆಗೆ ಎಲ್ಲದಕ್ಕೂ ತಟ್ಟುತ್ತದೆ. ಡಿಫರೆನ್ಷಿಯಲ್‌ನ (ಚಕ್ರಗಳಿಗೆ ಶಕ್ತಿ ಹಂಚುವ ಕೊನೆಯ ಗಿಯರ್ ಜೋಡಣೆ) ಅಂತಿಮ ಅನುಪಾತ 4.1 ಇದ್ದ ಕಾರು ಇನ್ನು 3.9 ಇದ್ದಂತೆ ನಡೆದುಕೊಳ್ಳುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ 3000 ಆರ್‌ಪಿಎಮ್ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇದ್ದದ್ದು ಅದೇ ನಿಜವೇಗಕ್ಕೆ 2860ರ ಹತ್ತಿರ ಇಳಿಯುವುದರಿಂದ ಎಂಜಿನ್ ಹಗುರಾದಂತೆ ಅನಿಸುತ್ತದೆ. ಬೆಲೆ ತೆರಬೇಕಾದದ್ದು ಘಾಟಿನಲ್ಲಿ. ಎಂಜಿನ್ ಅಷ್ಟೇ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೂ ಚಕ್ರ ನೆಲವನ್ನು ದೂಡುವ ಬಲ ಶೇ 5ರಷ್ಟು ಕಡಿಮೆಯಾಗುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎಸಿ ಇರುವ 1.2 ಲೀಟರ್ ಕಾರು ಮೂರನೆಯ ಗಿಯರಿನಲ್ಲಿ ಹತ್ತುತ್ತಿದ್ದ ಏರಿನಲ್ಲಿ ಎರಡಕ್ಕೆ ಇಳಿಯಬೇಕಾಗಬಹುದು. ಲಾರಿಯ ಹಿಂದೆ ನಿಂತು ಮತ್ತೆ ಹೊರಡುವಾಗ ಕ್ಲಚ್ ಹೆಚ್ಚು ಹೊತ್ತು ಜಾರುತ್ತದೆ. ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಕಾರನ್ನು ತಡೆಯುವುದು) ಸಹ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಸ್ಪೀಡೋಮೀಟರ್ ಲೆಕ್ಕ ಹಾಕುವುದು ಚಕ್ರದ ಸುತ್ತುಗಳಿಂದ. ಕಾರ್ಖಾನೆಯಲ್ಲಿ ಅದನ್ನು ನಿಜಕ್ಕಿಂತ ತುಸು ಹೆಚ್ಚು ತೋರಿಸುವಂತೆಯೇ ಇಟ್ಟಿರುತ್ತಾರೆ; ದೊಡ್ಡ ಟೈರು ಆ ಅಂತರವನ್ನು ನುಂಗಿಬಿಡುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿಯನ್ನು ಕಾಯ್ದುಕೊಂಡೆ ಎಂದುಕೊಂಡವರು ಅದನ್ನು ದಾಟಿರಬಹುದು. ಓಡೋಮೀಟರ್ ಕೂಡ ಹಾಗೆಯೇ: ಮೊದಲು 340 ಕಿ.ಮೀ. ತೋರಿಸುತ್ತಿದ್ದ ದಾರಿಗೆ ಈಗ 324 ತೋರಿಸುತ್ತದೆ. ಅಲಾಯ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎಂದು ಕೊರಗುವವರು ಮೊದಲು ಹೀಗೆ ಕಡಿಮೆ ತೋರಿದ ಕಿ.ಮೀ.ಗಳನ್ನು ಸೇರಿಸಿ ಲೆಕ್ಕ ಹಾಕಿ ನೋಡಬೇಕು.

ರಿಮ್ ದೊಡ್ಡದಾದರೆ ಗಿಯರಿಂಗ್ ಕೆಡಲೇಬೇಕೆಂದಿಲ್ಲ. ಸ್ವಿಫ್ಟ್‌ನ ಕೆಳದರ್ಜೆಯ ಮಾದರಿಗಳಿಗೆ 165/80 ಆರ್14, ಮೇಲ್ದರ್ಜೆಯವಕ್ಕೆ 185/65 ಆರ್15 ಕೊಟ್ಟಾಗ ಎರಡರ ಹೊರವ್ಯಾಸಕ್ಕೂ 2 ಮಿ.ಮೀ. ವ್ಯತ್ಯಾಸವಷ್ಟೇ ಇತ್ತು. 16 ಇಂಚೇ ಬೇಕೆಂದರೆ 195/55 ಆರ್16 ಸಹ ಅದೇ 621ರ ಹತ್ತಿರ ಬರುತ್ತದೆ. ಆದರೆ ಪಕ್ಕದ ಗೋಡೆ 120ರಿಂದ 107 ಮಿ.ಮೀ.ಗೆ ಇಳಿಯುತ್ತದೆ, ಗುಂಡಿಯ ಹೊಡೆತ ತಾಳಲು ಅಷ್ಟು ಕಡಿಮೆ ರಬ್ಬರ್ ಉಳಿಯುತ್ತದೆ. ಮಳೆಗಾಲದ ಪುಣೆಯ ಗುಂಡಿಗಳಲ್ಲಿ ಓಡಾಡುವವರಿಗೆ ನಾನಂತೂ ಹಳೆಯ 15 ಇಂಚನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ.