ಮೊದಲು ಊರಿಗೆ ಬನ್ನಿ, ಆಮೇಲೆ ಸಿಲಬಸ್

ಮಲೆನಾಡಿನ ಸಮುದಾಯಗಳ ಬಗ್ಗೆ ಕಾಲೇಜಿನಲ್ಲಿ ಒಂದು ಕೋರ್ಸ್ ಬರಬೇಕು ಎಂದು ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಆದರೆ ತಜ್ಞರು ಸಿಲಬಸ್ ಮಾಡಲಿ, ಊರಿನವರನ್ನು ಆಮೇಲೆ ಕೇಳಿದರಾಯಿತು ಎಂದಿದ್ದೀರಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳ್ಳಿ, ದೀವರು ಎಂಬ ಸಮುದಾಯದ ಮನೆ. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನವರು ಸರ್ವೆಗೆ ಬಂದಿದ್ದರು. ಅದೂ ನಟ್ಟಿ ಸಮಯದಲ್ಲಿ. ಅಜ್ಜಿ ಗದ್ದೆಯಿಂದ ಕೆಸರು ಕಾಲಲ್ಲೇ ಬಂದು ಜಗಲಿ ಮೇಲೆ ಕೂತರು. ಗೋಡೆ ಮೇಲೆ ನಮ್ಮ ಹೆಂಗಸರು ಬರೆಯುವ ಹಸೆ ಚಿತ್ತಾರದ ಫೋಟೋ ತೆಗೆದುಕೊಂಡು ಹೋದವರು ಮತ್ತೆ ಬರಲೇ ಇಲ್ಲ. ಪುಂಡಿನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಕೈ ನಡುಗದೆ ಗೆರೆ ಎಳೆಯುವುದು ಫೋಟೋದಲ್ಲಿ ಬರುತ್ತದಾ? ಕಲಿಸುವುದಕ್ಕೆ ಅಜ್ಜಿಯಂಥವರನ್ನೇ ಕರೆಯಿರಿ. ಸುಮ್ನೆ ಶಾಲು ಹೊದಿಸುವುದಲ್ಲ, ಮೇಷ್ಟ್ರಿಗೆ ಕೊಟ್ಟ ಹಾಗೆ ಸಂಬಳ ಕೊಡಿ.

ಜನರಿಗೆ ಇದಕ್ಕಿಂತ ಜಾಸ್ತಿ ಬೇಕಾಗಿರುವುದು ಇನ್ನೊಂದಿದೆ. 1964ರಲ್ಲಿ ಶರಾವತಿ ನದಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು ಬಿಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಮುಳುಗಿದ ಊರಲ್ಲಿ ಯಾರ ಮನೆ, ಯಾವ ಗದ್ದೆ ಎಲ್ಲಿತ್ತು ಎನ್ನುವುದನ್ನು ಹಿರಿಯರು ಇರುವಾಗಲೇ ಬರೆದಿಡಬೇಕು ಅಲ್ವಾ? ಗೇಣಿ ರೈತರು ಭೂಮಾಲೀಕರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ನೆನಪುಗಳೂ ಹಾಗೆಯೇ.

ಏನು ಬೇಕು ಎಂದು ಕೇಳಿದರೆ ಮಲೆನಾಡಿನ ಇನ್ನೊಂದು ಸಮುದಾಯವಾದ ಹಸಲರ ಕೇರಿಯಲ್ಲಿ, ಲಂಬಾಣಿ ತಾಂಡಾದಲ್ಲಿ ಬೇರೆಯದೇ ಉತ್ತರ ಬರಬಹುದು. ಅಲ್ಲಿಯೂ ಕೂತು ಕೇಳಿ. ಅಡಿಕೆ ಕೊಯ್ಲು, ಸುಗ್ಗಿ ಎಲ್ಲ ಮುಗಿದ ಮೇಲೆ, ಸಂಜೆ ಹೊತ್ತು ಬನ್ನಿ. ಆಗ ಹೆಂಗಸರೂ ಬಿಡುವಾಗಿ ಮಾತಿಗೆ ಸಿಗುತ್ತಾರೆ.