ಇಲ್ಲಿ ಉಗುಳಿ, ವಂಶಾವಳಿ ಪಡೆಯಿರಿ

ಉಗುಳುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ ಸ್ಟ್ಯಾಂಡಿನ ಕಂಬ, ತಾಲ್ಲೂಕು ಆಫೀಸಿನ ಮೆಟ್ಟಿಲ ಮೂಲೆ, ಲಿಫ್ಟಿನ ಗೋಡೆ, ಎಲ್ಲ ಕಡೆ ನಮ್ಮ ಡಿಎನ್‌ಎಯನ್ನು ಧಾರಾಳವಾಗಿ ಬಿಟ್ಟು ಬಂದಿದ್ದೇವೆ. ಒಂದು ದಿನ ಇದಕ್ಕೂ ಬೆಲೆ ಬರುತ್ತದೆ, ಆ ದುಡ್ಡನ್ನು ಉಗುಳಿದವರೇ ಕೊಡಬೇಕು ಅಂತ ಯಾರಾದರೂ ಹೇಳಿದ್ದರೆ ಅವರಿಗೂ ಉಗಿದು ಕಳಿಸುತ್ತಿದ್ದೆವು.

ಆ ದಿನ ಬಂದಿದೆ. ದಾವಣಗೆರೆಯ ನಮ್ಮ ದೊಡ್ಡಪ್ಪನ ಮನೆಗೇ ಬಂದಿದೆ. ಮೊಮ್ಮಗ ಅಮೆರಿಕದಿಂದ ಬರುವಾಗ ಬಾದಾಮಿ, ಚಾಕೊಲೇಟ್, ಮಂಡಿನೋವಿನ ಮುಲಾಮುಗಳ ಜೊತೆ ಒಂದು ಪುಟ್ಟ ಡಬ್ಬಿಯನ್ನೂ ತಂದಿದ್ದ. ಒಳಗೆ ಪ್ಲಾಸ್ಟಿಕ್ ಕೊಳವೆ, ಒಂದು ಮುಚ್ಚಳ, ಒಂದು ಚೀಟಿ. ಕಂಪನಿಯ ಹೆಸರು ಬೇಡ ಬಿಡಿ. ಗೆರೆಯವರೆಗೆ ಉಗುಳಿ ಕೊಟ್ಟರೆ ಸಾಕು, ನಿಮ್ಮ ಹಿರಿಯರು ಯಾವ ಕಾಡಿನಿಂದ ಹೊರಟು, ಯಾವ ಗುಡ್ಡ ಹತ್ತಿಳಿದು, ಕೊನೆಗೆ ಪಿ.ಜೆ. ಬಡಾವಣೆಗೆ ಹೇಗೆ ಬಂದು ಸೇರಿದರು ಅಂತ ಹೇಳುತ್ತಾರಂತೆ.

ಒಂದೇ ಷರತ್ತು. ಅರ್ಧ ಗಂಟೆ ಮೊದಲಿನಿಂದ ಬಾಯಿಗೆ ಏನೂ ಹಾಕಬಾರದು. ದೊಡ್ಡಪ್ಪನಿಗೆ ಈಗ 78. ಎಚ್ಚರ ಇದ್ದಾಗ ಅವರ ಬಾಯಲ್ಲಿ ಎಲೆಅಡಿಕೆ ಇಲ್ಲದ್ದನ್ನು ನಾನಂತೂ ನೋಡಿಲ್ಲ. ಬಾಯಿ ಮುಕ್ಕಳಿಸಿ ಸೋಫಾದ ಮೇಲೆ ಕೂರಿಸಲಾಯಿತು. ಮೊಮ್ಮಗ ಫೋನಿನಲ್ಲಿ ಟೈಮರ್ ಇಟ್ಟ. 22ನೇ ನಿಮಿಷಕ್ಕೆ ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಅವನು ಹಿಡಿದುಕೊಂಡ. ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಬಾಯಿ ಒಣಗಿ ಬರೀ ನೊರೆ. ನೊರೆ ಲೆಕ್ಕಕ್ಕಿಲ್ಲ ಅಂತ ಚೀಟಿಯಲ್ಲಿ ಬರೆದಿದೆ. ಕೊನೆಗೆ ದೊಡ್ಡಮ್ಮ ಅಡುಗೆಮನೆಯಿಂದ ಹುಣಸೆಹಣ್ಣಿನ ಡಬ್ಬಿ ತಂದು, ಮುಚ್ಚಳ ತೆಗೆದು ಅವರ ಮುಖದ ಮುಂದೆ ಹಿಡಿದರು. ಎರಡೇ ನಿಮಿಷ. ಗೆರೆ ದಾಟಿತು.

ಒಂದೂವರೆ ತಿಂಗಳಿಗೆ ವರದಿ ಬಂತು. ದೊಡ್ಡಪ್ಪ ಶೇ. 97ರಷ್ಟು ದಕ್ಷಿಣ ಭಾರತದವರು!

"ಇದನ್ನ ಹೇಳಾಕೆ ಅಮೆರಿಕದಾಗೆ ಕೂರ್ಬೇಕೇನೋ? ಅಶೋಕ ಟಾಕೀಸ್ ಗೇಟ್ ಹತ್ರ ನಿಂತು ಯಾರ್ನ ಕೇಳಿದ್ರೂ ಪುಕ್ಕಟೆ ಹೇಳ್ತಿದ್ರಲ್ಲೋ" ಅಂದರು ದೊಡ್ಡಪ್ಪ.

ತೊಂದರೆ ಶುರುವಾಗಿದ್ದು ಉಳಿದ ಮೂರರಿಂದ. ಅದರ ಮುಂದೆ 'ಮಧ್ಯ ಏಷ್ಯಾ' ಅಂತಿತ್ತು. ಮೊಮ್ಮಗನಿಗೆ ಖುಷಿಯೋ ಖುಷಿ, ಕುದುರೆ ಮೇಲೆ ಬಂದವರು ಅಂತ ಆಗಲೇ ಸ್ಟೇಟಸ್ ಹಾಕಿದ್ದ. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಇದು ನಿಮ್ಮ ತವರಿನ ಕಡೇದೇ ಇರ್ಬೇಕು" ಅಂದರು.

"ಉಗುಳಿದ್ದು ನೀವಲ್ರೀ?" ಅಂದರು ದೊಡ್ಡಮ್ಮ.

ಈ ಶೇಕಡಾ ಲೆಕ್ಕ ಎಲ್ಲಿಂದ ಬರುತ್ತದೆ ಗೊತ್ತಾ? ಯಾವ ಅಜ್ಜನ ಸಮಾಧಿಯಿಂದಲೂ ಅಲ್ಲ. ಕಂಪನಿಯ ಪಟ್ಟಿಯಲ್ಲಿ ಇವತ್ತು ಬದುಕಿರುವ ಒಂದಷ್ಟು ಜನರಿದ್ದಾರೆ. ನಿಮ್ಮ ಡಿಎನ್‌ಎ ಅವರಲ್ಲಿ ಯಾರನ್ನು ಎಷ್ಟು ಹೋಲುತ್ತದೆ ಅನ್ನುವ ಅಂದಾಜು ಅದು. ಪಟ್ಟಿ ದೊಡ್ಡದಾದರೆ ನಿಮ್ಮ ಮುತ್ತಜ್ಜ ಊರು ಬದಲಾಯಿಸುತ್ತಾನೆ. ಹೋದ ವರ್ಷ ಮಧ್ಯ ಏಷ್ಯಾದಲ್ಲಿದ್ದವನು ಈ ವರ್ಷ ಅಪ್‌ಡೇಟ್ ಆದಮೇಲೆ ಹರಪನಹಳ್ಳಿಯಲ್ಲಿ ಸಿಕ್ಕರೂ ಸಿಕ್ಕ. 2019ರಲ್ಲಿ ಕೆನಡಾದ ಸಿಬಿಸಿ ಟೀವಿಯವರು ಅವಳಿ ಸೋದರಿಯರ ಉಗುಳನ್ನು ಐದು ಕಂಪನಿಗೆ ಕಳಿಸಿದರು. ಒಂದೇ ಅಚ್ಚಿನ ಅವಳಿಗಳು, ಡಿಎನ್‌ಎ ಹೆಚ್ಚುಕಮ್ಮಿ ಒಂದೇ. ಆದರೂ ಇಬ್ಬರ ವಂಶಾವಳಿ ಒಂದೇ ಥರ ಬರಲಿಲ್ಲ, ಐದು ಕಂಪನಿಗಳ ಲೆಕ್ಕವೂ ಒಂದಕ್ಕೊಂದು ತಾಳೆ ಆಗಲಿಲ್ಲ.

ಅದಕ್ಕೂ ಹಿಂದಿನ ವರ್ಷ ಅದೇ ದೇಶದಲ್ಲಿ ಇನ್ನೂ ಒಳ್ಳೆಯದೊಂದು ಸುದ್ದಿಯಾಗಿತ್ತು. ಯಾರೋ ಕಿಡಿಗೇಡಿ ಪುಣ್ಯಾತ್ಮ ಒಂದು ಚಿವಾವಾ ನಾಯಿಯ ಜೊಲ್ಲು ಕಳಿಸಿದ. ಪ್ರಯೋಗಾಲಯ ಗಂಭೀರವಾಗಿ ಪರೀಕ್ಷೆ ಮಾಡಿ ಉತ್ತರ ಕೊಟ್ಟಿತು: ಶೇ. 12 ಅಬೆನಾಕಿ, ಶೇ. 8 ಮೊಹಾಕ್. ಅಂದರೆ ಐದರಲ್ಲೊಂದು ಪಾಲು ಕೆನಡಾದ ಮೂಲನಿವಾಸಿ. ನಾಯಿ ಅನ್ನುವ ಮಾತೇ ಅದರಲ್ಲಿರಲಿಲ್ಲ. ನನಗಂತೂ ಆ ನಾಯಿಯ ಮೇಲೆ ಅಪಾರ ಗೌರವ. ವರದಿ ನೋಡಿಯೂ ಸ್ಟೇಟಸ್ ಹಾಕದೆ ಇದ್ದ ಪ್ರಾಣಿ ಅದೊಂದೇ ಇರಬೇಕು.

ಇನ್ನು ಈ ವ್ಯಾಪಾರದ ದೊಡ್ಡಣ್ಣಂದಿರಲ್ಲಿ ಒಬ್ಬನಾದ 23ಆ್ಯಂಡ್‌ಮಿ ಕಥೆ ನಿಮಗೆ ಗೊತ್ತೇ ಇದೆ. ಒಂದೂವರೆ ಕೋಟಿ ಜನರ ಉಗುಳು ಕೂಡಿಹಾಕಿ, 2021ರಲ್ಲಿ 600 ಕೋಟಿ ಡಾಲರ್ ಬಾಳುತ್ತಿದ್ದ ಕಂಪನಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ನಿಮ್ಮ ಮಾಹಿತಿ ಅಳಿಸಿಕೊಳ್ಳಿ ಅಂತ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ಲೇ ಜನರಿಗೆ ಹೇಳಬೇಕಾಯಿತು. ಅದಕ್ಕೂ ಮೊದಲು, 2023ರಲ್ಲಿ, ಕಳ್ಳರು ನುಗ್ಗಿದ್ದು ಬರೀ 14 ಸಾವಿರ ಖಾತೆಗಳಿಗೆ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡ ಮಹಾನುಭಾವರು ಅವರು. ಆದರೆ ಹೋದದ್ದು 69 ಲಕ್ಷ ಜನರ ಮಾಹಿತಿ. ಹೇಗೆ ಅಂದ್ರೆ, ನಿಮ್ಮ ನೆಂಟರನ್ನು ಹುಡುಕಿ ಅನ್ನುವ ಸೌಲಭ್ಯ ಇತ್ತಲ್ಲ, ಅದರ ದಾರಿಯಲ್ಲೇ. ಯಾರೋ ದೂರದ ನೆಂಟ ಬಾಗಿಲು ತೆರೆದಿಟ್ಟ, ಇವರ ಮನೆ ದೋಚಿದರು. ನೆಂಟರು ಅಂದರೆ ಏನು ಅಂತ ತಿಳಿಯೋಕೆ ನಮಗೆ ಪ್ರಯೋಗಾಲಯ ಬೇಕಾಗಿರಲಿಲ್ಲ.

ವಂಶ ಹೇಳುವವರು ನಮ್ಮಲ್ಲಿ ಇರಲಿಲ್ಲವೇ? ರಾಣೆಬೆನ್ನೂರು ಕಡೆಯ ನನ್ನ ಅಜ್ಜಿಯ ಊರಿಗೆ ಸುಗ್ಗಿ ಮುಗಿದಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ. ಅಂಗಳದಲ್ಲಿ ಎತ್ತು ನಿಲ್ಲಿಸಿ, ಬಟ್ಟೆ ಸುತ್ತಿದ ಹಳೇ ಪುಸ್ತಕ ಬಿಚ್ಚಿ, ಮನೆತನದ ಹೆಸರೆತ್ತಿ ರಾಗವಾಗಿ ಶುರು ಮಾಡಿದರೆ ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು. ಯಾವ ಊರಿನಿಂದ ಬಂದರು, ಯಾವ ದೇವರ ಒಕ್ಕಲು, ಯಾರಿಗೆ ಎಷ್ಟು ಮಕ್ಕಳು, ಎಲ್ಲ. ನಾನು ಕಿವಿಯಾರೆ ಕೇಳಿದ್ದು ಇದು: ನಮ್ಮ ಮುತ್ತಜ್ಜನ ಅಜ್ಜ ಬರಗಾಲದಲ್ಲಿ ಒಂದು ಎಮ್ಮೆ ಹೊಡಕೊಂಡು ಈ ಊರಿಗೆ ಬಂದ. ಅವನ ಮಗ ಆ ಎಮ್ಮೆಯನ್ನೂ ಜೂಜಿನಲ್ಲಿ ಕಳೆದ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅಜ್ಜನ ಮುಖ ನೋಡಬೇಕಿತ್ತು. ಹೆಳವನಿಗೆ ಒಂದು ಮೊರ ಜೋಳ, ಒಂದು ಹಳೇ ಧೋತರ, ಐದು ರೂಪಾಯಿ ಸಿಕ್ಕವು. ಪುಸ್ತಕ ಅವನ ಕಂಕುಳಲ್ಲೇ ಇರುತ್ತಿತ್ತು, ದಿವಾಳಿ ಎದ್ದು ಅದನ್ನು ಮಾರಾಟಕ್ಕಿಟ್ಟದ್ದು ಕೇಳಿಲ್ಲ.

ಪ್ಲಾಸ್ಟಿಕ್ ಕೊಳವೆಯಲ್ಲಿ ಜೂಜುಕೋರರು ಹುಟ್ಟುವುದಿಲ್ಲ ನೋಡಿ. ಬರೀ ಯೋಧರು, ಅಲೆಮಾರಿ ದೊರೆಗಳು, ಕುದುರೆಯವರು. ಸುಮ್ನೆ ಲೆಕ್ಕ ಹಾಕಿ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹತ್ತು ತಲೆಮಾರು ಹಿಂದೆ ಹೋದರೆ 1,024 ಜನ. ಮೂವತ್ತು ತಲೆಮಾರಿಗೆ, ಅಂದರೆ ಸುಮಾರು ಹೊಯ್ಸಳರ ಕಾಲಕ್ಕೆ, 107 ಕೋಟಿ. ಅಷ್ಟು ಜನ ಆಗ ಇಡೀ ಭೂಮಿಯ ಮೇಲೇ ಇರಲಿಲ್ಲ. ಅಂದರೆ ನಿಮ್ಮ ಅಜ್ಜಂದಿರು ನನಗೂ ಅಜ್ಜಂದಿರು, ಒಬ್ಬನೇ ಹತ್ತಾರು ಕಡೆಯಿಂದ ಅಜ್ಜ. ಇಷ್ಟು ಜನರಲ್ಲಿ ಒಬ್ಬ ರಾಜ ಸಿಗದೆ ಇರುತ್ತಾನಾ? ಸಿಗುತ್ತಾನೆ. ಅವನ ಹಟ್ಟಿ ಸಗಣಿ ಬಾಚುತ್ತಿದ್ದವರು ನೂರು ಜನ ಸಿಗುತ್ತಾರೆ. ಮೊನ್ನೆ ತಿಥಿಯಲ್ಲಿ ಪುರೋಹಿತರು ತಾಯಿಯ ಕಡೆಯವರ ಹೆಸರು ಕೇಳಿದಾಗ ಮುತ್ತಜ್ಜಿಯ ಹೆಸರಿಗೇ ನಾನು ತಲೆ ಕೆರೆದುಕೊಂಡೆ, ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಆದರೆ 65 ಸಾವಿರ ವರ್ಷದ ಹಿಂದೆ ಆಫ್ರಿಕಾ ಬಿಟ್ಟವರ ದಾರಿ ನಮ್ಮ ಮೊಮ್ಮಗನಿಗೆ ಮ್ಯಾಪ್ ಸಮೇತ ಗೊತ್ತು.

ಇದೇನು ಕಂಪನಿಗಳ ರೋಗ ಮಾತ್ರ ಅಲ್ಲ. ರಾಖಿಗಢಿ ನೆನಪಿದೆಯಲ್ವಾ? ಹರಿಯಾಣದ ಆ ಸಿಂಧೂ ಕಾಲದ ಊರಿನಲ್ಲಿ 4,500 ವರ್ಷದ ಹಿಂದೆ ಒಬ್ಬ ಹೆಂಗಸು ತೀರಿಕೊಂಡಳು. ಪರೀಕ್ಷೆ ಮಾಡಿದ ಅಷ್ಟೊಂದು ಮಾದರಿಗಳಲ್ಲಿ ಡಿಎನ್‌ಎ ಓದೋಕೆ ಸಿಕ್ಕಿದ್ದು ಅವಳೊಬ್ಬಳದೇ, ಅದೂ ಕಿವಿಯ ಹತ್ತಿರದ ಮೂಳೆಯಲ್ಲಿ. 2019ರ ಸೆಪ್ಟೆಂಬರಿನಲ್ಲಿ ಎರಡು ಸಂಶೋಧನೆ ಒಟ್ಟಿಗೆ ಪ್ರಕಟವಾದವು, ಹಲವು ಲೇಖಕರು ಎರಡರಲ್ಲೂ ಇದ್ದರು. ಒಂದರ ಪ್ರಕಾರ ಈ ಹೆಂಗಸಿನಲ್ಲಿ ಮಧ್ಯ ಏಷ್ಯಾ ಕಡೆಯ ಹುಲ್ಲುಗಾವಲಿನ ಸ್ಟೆಪ್ ಜನರ (ಆರ್ಯರು ಅನ್ನುವ ಜಗಳ ಇವರ ಬಗ್ಗೆಯೇ) ಅಂಶ ಇಲ್ಲ. ಇನ್ನೊಂದರ ಪ್ರಕಾರ ಅವಳ ಕಾಲದ ನಂತರ ಆ ಜನ ಇಲ್ಲಿಗೆ ಬಂದು ಬೆರೆತರು. ಎರಡೂ ಸೇರಿದರೆ ಒಂದು ಕಥೆ. ನಮ್ಮ ಪತ್ರಿಕೆಗಳಲ್ಲಿ, ಟೀವಿಗಳಲ್ಲಿ ಮಾತ್ರ ಒಬ್ಬರಿಗೆ 'ಆರ್ಯರು ಬರಲೇ ಇಲ್ಲ', ಇನ್ನೊಬ್ಬರಿಗೆ 'ಬಂದೇ ಬಂದರು'. ಪಾಪ, ಹೆಂಗಸಿನ ಹೆಸರು ಕೂಡ ಯಾರಿಗೂ ಗೊತ್ತಿಲ್ಲ. ಅವಳು ಏನು ಅಡುಗೆ ಮಾಡುತ್ತಿದ್ದಳು ಅಂತ ಯಾರೂ ಕೇಳಲಿಲ್ಲ, ಯಾವ ಪಕ್ಷ ಅಂತ ಮಾತ್ರ ಕೇಳಿದರು. 2022ರಲ್ಲಿ ಜನಾಂಗಗಳ ಶುದ್ಧತೆ ಹುಡುಕಲು ಕೇಂದ್ರ ಸಂಸ್ಕೃತಿ ಸಚಿವಾಲಯ ಡಿಎನ್‌ಎ ಯಂತ್ರ ಕೊಳ್ಳುತ್ತಿದೆ ಅಂತ ಸುದ್ದಿ ಬಂತು. ಸಚಿವಾಲಯ ಅದು ಸುಳ್ಳು ಅಂದಿತು. ನೂರಕ್ಕೂ ಹೆಚ್ಚು ವಿಜ್ಞಾನಿಗಳು, ವಿದ್ವಾಂಸರು ಕೂತು ಶುದ್ಧ ಜನಾಂಗ ಅನ್ನುವುದೇ ಇಲ್ಲ ಸ್ವಾಮೀ ಅಂತ ಪತ್ರ ಬರೆಯಬೇಕಾಯಿತು. 2022ರಲ್ಲಿ!

ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರು ಹಾರ್ವರ್ಡ್‌ನವರ ಜೊತೆ ಸೇರಿ 2013ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಸುಮಾರು 4,200ರಿಂದ 1,900 ವರ್ಷದ ಹಿಂದಿನವರೆಗೆ ಈ ನೆಲದಲ್ಲಿ ಎಲ್ಲರೂ ಎಲ್ಲರ ಜೊತೆ ಬೆರೆತಿದ್ದಾರೆ. ಆಮೇಲೆ ಬಾಗಿಲು ಹಾಕಿಕೊಂಡರು. ನಮ್ಮ ಜಾತಿ, ನಮ್ಮವರೊಳಗೇ ಮದುವೆ. ಬೆರಕೆ ಆದಮೇಲೆ ಶುದ್ಧಿಯ ಬೋರ್ಡು. ಇವತ್ತಿಗೂ ಆ ಬೋರ್ಡು ನಂಬಿ ಮಗಳ ಕತ್ತು ಹಿಸುಕುವ ಅಪ್ಪಂದಿರು ನಮ್ಮ ರಾಜ್ಯದಲ್ಲೇ ಇದ್ದಾರೆ.

ನಾವೆಲ್ಲ ಆಫ್ರಿಕಾದವರು ಅಂತ ವರದಿ ಹಿಡಿದು ಪುಳಕಗೊಳ್ಳುತ್ತೀರಲ್ಲ. ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳು ಹುಟ್ಟಿದಾಗಿನಿಂದ ಕನ್ನಡ, ಕೊಂಕಣಿ ಆಡುತ್ತಾರೆ, ಬಸ್ಸಿನಲ್ಲಿ ಕೂತರೆ ಇವತ್ತಿಗೂ ಯಾವ ದೇಶ ಅಂತ ಕೇಳಿಸಿಕೊಳ್ಳುತ್ತಾರೆ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಒಬ್ಬ ಸುಡಾನಿನವನ ಕಾರು ಗುದ್ದಿ ಒಬ್ಬ ಹೆಂಗಸು ತೀರಿಹೋದಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯನ್ನು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದವಳನ್ನು, ಗುಂಪು ಎಳೆದು ಹೊಡೆಯಿತು. ಕಾರು ಸುಟ್ಟರು. ಎಲ್ಲ ಕರಿಯರೂ ಒಂದೇ ಅಂತ ಆ ಗುಂಪಿಗೆ ಯಾವ ಪ್ರಯೋಗಾಲಯ ವರದಿ ಕೊಟ್ಟಿತ್ತು? ಬೇಜಾರಾಗುತ್ತದೆ. ಬಿಡಿ, ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ.

ವರದಿಯ ಕೊನೆಯಲ್ಲಿ 'ನಿಮ್ಮ ನೆಂಟರು' ಅಂತ ಒಂದು ಪುಟ ಇತ್ತು. ಪರೀಕ್ಷೆ ಮಾಡಿಸಿದ ಬೇರೆಯವರಲ್ಲಿ ಯಾರು ಎಷ್ಟು ಹತ್ತಿರ ಅನ್ನುವ ಪಟ್ಟಿ. ಸಾವಿರಕ್ಕೂ ಜಾಸ್ತಿ ಹೆಸರು. ಮೊಮ್ಮಗ ಫೋನನ್ನು ಅವರ ಕೈಗೆ ಕೊಟ್ಟು, ಅಜ್ಜಾ, ಎಲ್ಲರಿಗಿಂತ ಮೇಲಿರುವವರು ತುಂಬ ಹತ್ತಿರದವರಂತೆ, ನಮಸ್ಕಾರ ಹೇಳಿ ಅಂತ ಬಟನ್ ಇದೆ, ಒತ್ತಲಾ ಅಂದ. ದೊಡ್ಡಪ್ಪ ಹೆಸರು ನೋಡಿದರು. ಟೆಕ್ಸಾಸ್‌ನಲ್ಲಿರುವ ಹುಡುಗ. ಅವರ ಸ್ವಂತ ತಮ್ಮನ ಮೊಮ್ಮಗ. ತಮ್ಮನ ಮನೆ ಎರಡು ರಸ್ತೆ ಆಚೆಗಿದೆ. ಅಪ್ಪನ ತೋಟದ ಪಾಲಿನ ಕೇಸು 19 ವರ್ಷದಿಂದ ನಡೆಯುತ್ತಿದೆ, ಮದುವೆ ಮುಂಜಿ ಹೋಗಲಿ, ಹೆತ್ತಮ್ಮ ಸತ್ತಾಗಲೂ ಇಬ್ಬರೂ ಮಾತಾಡಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಎಲೆಅಡಿಕೆ ತೆಗೆದು ಸುಣ್ಣ ಹಚ್ಚುತ್ತಾ ಕೇಳಿದರು:

"ಅದೇನೋ ಅಳಿಸಿ ಹಾಕಬೋದು ಅಂದ್ಯಲ್ಲ, ಇವರ್ನಷ್ಟೇ ಅಳಿಸಾಕೆ ಬರುತ್ತೇನು?"