ಕಕ್ಕಡದಲ್ಲಿ ಕಮೋಡಿನ ಬೆವರು

ಒಗೆದ ಬಟ್ಟೆ ಎಂಟು ದಿನವಾದರೂ ಒಣಗದ, ಚಪ್ಪಲಿಗೂ ಬೂಷ್ಟು ಹಿಡಿಯುವ ಕೊಡಗಿನ ಮಳೆಗಾಲದಲ್ಲಿ ಬಾತ್‌ರೂಮಿನ ನೆಲ ಒಣಗಿರಲಿ ಎಂದು ಬಯಸುವುದೇ ದುರಾಸೆ. ಕಮೋಡಿಗೆ ಕದ್ದು ಸೋರಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಜೂನಿನಲ್ಲಿ ಶುರುವಾದದ್ದು ಬಿಸಿಲು ಬಿದ್ದ ಮೇಲೆ, ಟೈಲ್ಸಿನ ಸಂದು ಕಪ್ಪಾದ ಮೇಲೆ ಸಿಕ್ಕಿಬೀಳುತ್ತದೆ.

ಮೊದಲ ಅನುಮಾನ ಬೆವರಿನ ಮೇಲಿರಲಿ. ಟ್ಯಾಂಕಿನೊಳಗೆ ಬಾವಿಯ ತಣ್ಣೀರು, ಹೊರಗೆ ತೇವದ ಗಾಳಿ, ಜೊತೆಗೆ ಬಿಸಿನೀರಿನ ಹಬೆ. ಫ್ಲಶ್ ಟ್ಯಾಂಕಿನ ಮೈಮೇಲೆ ನೀರು ಹನಿಗಟ್ಟಿ ಇಳಿಯುತ್ತದೆ. ಇದಕ್ಕೆ ಸ್ಪ್ಯಾನರ್ ಹಿಡಿದು ಹೊರಟರೆ ಇಲ್ಲದ ಸೋರಿಕೆಯನ್ನು ಹುಟ್ಟಿಸಿದಂತೆ.

ಪರೀಕ್ಷೆಗೆ ಟ್ಯಾಂಕಿನ ನೀರಿಗೆ ಬಣ್ಣ ಬೆರೆಸಬೇಕು. ಕೇಸರಿಬಾತಿಗೆ ಹಾಕುವ ಪುಡಿ ಒಂದು ಚಿಟಿಕೆ ಸಾಕು. ಆಗಸ್ಟ್ 3ರ ಸುಮಾರಿಗೆ, ಅಂದರೆ ಕೊಡವರ ಕಕ್ಕಡ ತಿಂಗಳ 18ರಂದು, ಔಷಧಿಯೆಂದು ತಿನ್ನುವ ಮದ್ದುಸೊಪ್ಪು ಬೇಯಿಸಿದ ನೇರಳೆ ನೀರು ಮಿಕ್ಕಿದ್ದರೆ ಅದೂ ನಡೆದೀತು. ಆದರೆ ಆ ದಿನ ಆ ಸೊಪ್ಪಿನ ಪಾಯಸ ಉಂಡವರನ್ನು ಪರೀಕ್ಷೆ ಮುಗಿಯುವ ತನಕ ಅತ್ತ ಬಿಡಬಾರದು. ಅವರ ಮೂತ್ರಕ್ಕೂ ಬಣ್ಣ ಬಂದಿರುತ್ತದೆ, ಸಾಕ್ಷಿ ಕೆಡುತ್ತದೆ.

ಅರ್ಧ ಗಂಟೆ ಫ್ಲಶ್ ಒತ್ತದೆ ಕಾಯಿರಿ. ಕಮೋಡಿನೊಳಗಿನ ನೀರಿಗೆ ಬಣ್ಣ ಬಂತೋ, ಟ್ಯಾಂಕಿನ ತಳದ ರಬ್ಬರ್ ಸರಿಯಾಗಿ ಕೂತಿಲ್ಲ, ಇಲ್ಲವೇ ನೀರು, ಹೆಚ್ಚಾದದ್ದನ್ನು ಕಮೋಡಿಗಿಳಿಸುವ ಓವರ್‌ಫ್ಲೋ ಪೈಪಿಗೆ ಹತ್ತುತ್ತಿದೆ. ಮಳೆಗಾಲದ ಕೆಸರುನೀರಿನ ಮರಳು ರಬ್ಬರಿನಡಿ ಸೇರಿಕೊಳ್ಳುವುದುಂಟು. ಬಟ್ಟೆಯಿಂದ ಒರೆಸಿ ನೋಡಿ; ರಬ್ಬರೇ ಗಟ್ಟಿಯಾಗಿದ್ದರೆ ಬದಲಿಸಿ. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು, ಕಂಪನಿಗೊಂದು ಅಳತೆ. ನೀರು ಓವರ್‌ಫ್ಲೋ ಪೈಪಿನ ಬಾಯಿಗಿಂತ ಒಂದು ಇಂಚು ಕೆಳಗೇ ನಿಲ್ಲುವಂತೆ ಫ್ಲೋಟನ್ನೂ ತಗ್ಗಿಸಿ.

ಹೊರಗಿನ ಹನಿಗೆ ಬಣ್ಣವಿದ್ದರೆ ಟ್ಯಾಂಕಿನಡಿಯ ಬೋಲ್ಟುಗಳ ವಾಷರ್ ಹೋಗಿದೆ, ಅಥವಾ ಟ್ಯಾಂಕೇ ಬಿರುಕು ಬಿಟ್ಟಿದೆ. ಎಡದ ಬೋಲ್ಟನ್ನು ಸ್ವಲ್ಪ, ಬಲದ್ದನ್ನು ಸ್ವಲ್ಪ ಎಂದು ಸರದಿಯಲ್ಲಿ ಬಿಗಿಯಬೇಕು. ಪಿಂಗಾಣಿ ಬಲಪ್ರದರ್ಶನ ಸಹಿಸುವುದಿಲ್ಲ. ಬಣ್ಣವಿಲ್ಲದ ಹನಿಯೇ ನಿಜವಾದ ಒಗಟು: ಅದು ಬೆವರೂ ಆಗಬಹುದು, ಟ್ಯಾಂಕಿಗೆ ಇನ್ನೂ ಸೇರದೆ ಕನೆಕ್ಷನ್ ಪೈಪಿನಲ್ಲೇ ಇರುವ ನೀರೂ ಆಗಬಹುದು. ಎಲ್ಲವನ್ನೂ ಒರೆಸಿ ಆ ಪೈಪಿನ ನಟ್ಟಿಗೆ, ಗೋಡೆಯಲ್ಲಿರುವ ಅದರ ನಲ್ಲಿಯಾದ ಆಂಗಲ್ ಕಾಕಿಗೆ ಪೇಪರ್ ಸುತ್ತಿಡಿ. ಮೊದಲು ನೆನೆದ ಪೇಪರೇ ಕಳ್ಳನನ್ನು ತೋರಿಸುತ್ತದೆ. ಕನೆಕ್ಷನ್ ಪೈಪಿನ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಿ ಪ್ರಯೋಜನವಿಲ್ಲ, ಅಲ್ಲಿ ನೀರು ತಡೆಯುವುದು ಒಳಗಿನ ವಾಷರ್. ಟೇಪ್ ಬೇಕಾದದ್ದು ಆಂಗಲ್ ಕಾಕ್ ಗೋಡೆಗೆ ಸೇರುವ ಥ್ರೆಡ್ಡಿಗೆ, ಥ್ರೆಡ್ ಬಿಗಿಯಲು ತಿರುಗುವ ದಿಕ್ಕಿನಲ್ಲೇ. ಹೆಲ್ತ್ ಫಾಸೆಟ್ಟಿನ ತುದಿ ಸೋರುತ್ತಿದೆಯೇ ಎಂದು ನೋಡಲೂ ಮರೆಯಬೇಡಿ.

ಫ್ಲಶ್ ಮಾಡಿದಾಗ ಮಾತ್ರ ಬುಡದಲ್ಲಿ ನೀರು, ಜೊತೆಗೆ ವಾಸನೆ ಎಂದಾದರೆ ಕಥೆ ಬೇರೆ. ಸುತ್ತ ಬಿಳಿ ಸಿಮೆಂಟ್ ಮೆತ್ತಿಬಿಡುವುದು ಎಲ್ಲರ ಮೆಚ್ಚಿನ ಚಿಕಿತ್ಸೆ, ನನಗೆ ಕಂಡಂತೆ ಅತ್ಯಂತ ಕೆಟ್ಟದ್ದು: ನೀರು ನಿಲ್ಲುವುದಿಲ್ಲ, ಕಣ್ಣಿಗೆ ಕಾಣದಂತೆ ಅಡಿಗೆ ಇಳಿಯುತ್ತದೆ. ಕಮೋಡನ್ನು ಎತ್ತಿ ಒಳಗಿನ ಜಾಯಿಂಟನ್ನೇ ಹೊಸದು ಮಾಡಬೇಕು. ಎತ್ತುವ ಮೊದಲು ಒಂದು ಬಕೆಟ್ ನೀರು ಸುರಿದು ನೋಡಿ. ನೀರು ಮೇಲೇರಿ ನಿಧಾನಕ್ಕೆ ಇಳಿದರೆ ಮುಂದೆಲ್ಲೋ ಕಟ್ಟಿದೆ, ಇಲ್ಲವೇ ಅಂತರ್ಜಲ ಉಕ್ಕಿ ಹೊರಗಿನ ಗುಂಡಿ ತುಂಬಿದೆ. ಗುಂಡಿ ತುಂಬಿದ್ದೇ ಆದರೆ ಪ್ಲಂಬರನನ್ನು ಕರೆಸಿ ಮಾಡುವುದೇನಿಲ್ಲ. ಮಳೆ ಬಿಡುವ ತನಕ ಫ್ಲಶ್ಶಿನ ಚಿಕ್ಕ ಬಟನನ್ನಷ್ಟೇ ಒತ್ತಿಕೊಂಡಿರಬೇಕು.